ಕಾಲರಿನೊಳಗಿನ ಕಪ್ಪು ದಾರ

ಕೆತ್ತಿ ಕಣಿವೆಯಲ್ಲಿ ಮೊದಲು ಆಲೂಗೆಡ್ಡೆ ಮೂಟೆ ಪೇರಿಸುತ್ತಿದ್ದ ಉದ್ದನೆಯ ತಗಡಿನ ಕೊಟ್ಟಿಗೆಯೊಂದಿದೆ. ಈಗ ಅದರೊಳಗೆ ಹದಿನೆಂಟು ಹೆಂಗಸರು ಕೂತು ಬೆಟ್ಟ ಹತ್ತುವವರ ಮಳೆಕೋಟು ಹೊಲಿಯುತ್ತಾರೆ. ಮೂಲೆಯಲ್ಲಿ ಬಿಸಿಗಾಳಿ ಊದುವ ಮಿಷನ್ನಿನ ಮುಂದೆ ಕೂರುವವಳು ಪಂಕಜಂ. ಕೆತ್ತಿಯ ಮೇಲಿನ ಹಟ್ಟಿಯವಳು, ಬಡಗರ ಮನೆಯ ಹೆಣ್ಣು, ವಯಸ್ಸು ನಲವತ್ತೆಂಟು.

ಕೋಟಿನ ಬಟ್ಟೆ ಎಂಥ ಒಳ್ಳೆಯದಾದರೇನು, ಹೊಲಿದ ಕಡೆಯೆಲ್ಲ ಸೂಜಿಯ ತೂತು ಇದ್ದೇ ಇರುತ್ತದೆ. ಬೆಟ್ಟದ ಮಳೆ ಆ ತೂತನ್ನೇ ಹುಡುಕಿಕೊಂಡು ಬರುತ್ತದೆ. ಅದಕ್ಕೇ ಒಳಗಿನಿಂದ ಪ್ರತಿ ಹೊಲಿಗೆಯ ಮೇಲೂ ಬೆರಳಗಲದ ಪಟ್ಟಿಯನ್ನು ಬಿಸಿಯಲ್ಲಿ ಕರಗಿಸಿ ಅಂಟಿಸಬೇಕು. ಬಿಸಿ ಹೆಚ್ಚಾದರೆ ಬಟ್ಟೆ ಮುರುಟುತ್ತದೆ, ಕಡಿಮೆಯಾದರೆ ಪಟ್ಟಿ ಏಳುತ್ತದೆ. ಆ ಹದ ಪಂಕಜಂಳ ಬೆರಳಿಗೆ ಗೊತ್ತಿತ್ತು, ಹಾಲು ಉಕ್ಕುವ ಮೊದಲೇ ಕೈ ಒಲೆಗೆ ಹೋಗುವ ಹಾಗೆ. ಏಳು ವರ್ಷದಲ್ಲಿ ಅವಳು ಅಂಟಿಸಿದ ಒಂದು ಕೋಟೂ ಸೋರಿ ವಾಪಸು ಬಂದಿರಲಿಲ್ಲ.

ಕಂಪನಿ ಗಿರಿಧರನ್ ಅವರದು. ಅವರು ಹಿಂದೆ ಹಿಮಾಲಯ ಹತ್ತುತ್ತಿದ್ದವರು. ಒಂದು ಸಲ ಅವರ ಸಾಮಾನು ಹೊತ್ತು ಬಂದ ಆಳು ನೆಂದ ಬಟ್ಟೆಯಲ್ಲೇ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಹತ್ತುವವರ ಮೈಮೇಲೆ ಒಳ್ಳೆಯ ಕೋಟಿತ್ತು, ಹೊರುವವನ ಮೈಮೇಲೆ ಪ್ಲಾಸ್ಟಿಕ್ ಹಾಳೆ ಇತ್ತು. ಊರಿಗೆ ಬಂದು ಅವರು ಈ ಕೆಲಸ ಶುರುಮಾಡಿದರು. ಹತ್ತು ಕೋಟು ಮಾರಿದರೆ ಹನ್ನೊಂದನೆಯದು ಮಳೆಯಲ್ಲಿ ದುಡಿಯುವವರಿಗೆ ಪುಕ್ಕಟೆ. ಹರಿದ ಕೋಟು ಯಾವ ಕಾಲಕ್ಕೆ ತಂದರೂ ರಿಪೇರಿ ಮಾಡಿಕೊಡಬೇಕು, ಹೊಸದು ಕೊಳ್ಳಿ ಎನ್ನಬಾರದು. ಬಾಗಿಲ ಮೇಲೆ ತಮಿಳಿನಲ್ಲಿ ದೊಡ್ಡದಾಗಿ ಬರೆಸಿದ್ದರು: ನೆನೆದು ಯಾರೂ ಸಾಯಬಾರದು.

ಪಂಕಜಂ ನಾಲ್ಕನೇ ಕ್ಲಾಸಿನ ತನಕ ಓದಿದವಳು. ಕೆಲಸ ಕೇಳಲು ಬಂದ ದಿನ ಆ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿ, ಹೊಸಿಲ ಮೇಲೇ ಕೂತು ಅತ್ತುಬಿಟ್ಟಳು. ಒಳಗಿದ್ದವರಿಗೆ ಕಾರಣ ತಿಳಿಯಲಿಲ್ಲ.

ಕಾರಣ ಅವಳ ಗಂಡ ಹಾಲನ್. ಮೇಲಿನ ಬೆಟ್ಟದಲ್ಲಿ ಕಾಲುವೆ ಶುಚಿ ಮಾಡುವ ಕೂಲಿಗೆ ಹೋಗಿದ್ದ. ಮೂರು ದಿನ ಜಡಿಮಳೆ. ಜೊತೆಯವರು ಹುಡುಕಿದಾಗ ಮರಕ್ಕೆ ಒರಗಿ ಕೂತಿದ್ದ, ಸುಸ್ತಾಗಿ ಕಣ್ಣು ಮುಚ್ಚಿದವನ ಹಾಗೆ. ಮೈಮೇಲೆ ಅವಳೇ ಹೆಣೆದ ಹೊಸ ಸ್ವೆಟರ್, ಹಿಂಡಿದರೆ ಒಂದು ಚೊಂಬು ನೀರು.

ಅವಳ ಅವ್ವೆಯ ಮನೆಯಲ್ಲಿ ಒಂದು ಪದ್ಧತಿಯಿತ್ತು. ಹೊಸ ಬಟ್ಟೆ ತೊಟ್ಟು ದೂರ ಹೋಗುವವರಿಗೆ ದೃಷ್ಟಿ ತಾಗದಿರಲೆಂದು ಕುತ್ತಿಗೆಯ ಹಿಂದೆ ಒಳಮಗ್ಗುಲಲ್ಲಿ ಕಪ್ಪು ದಾರದ ಒಂದು ಹೊಲಿಗೆ ಹಾಕುತ್ತಿದ್ದರು. ಹಾಲನ್ ಹೊರಟ ಬೆಳಿಗ್ಗೆ ಇಬ್ಬರ ನಡುವೆ ಉಪ್ಪಿಲ್ಲದ ಸಾರಿನ ವಿಷಯಕ್ಕೆ ಮಾತು ಬೆಳೆದಿತ್ತು. ಸಿಟ್ಟಿನಲ್ಲಿ ಅವಳು ದಾರ ಹಾಕಲಿಲ್ಲ. ಹನ್ನೊಂದು ವರ್ಷ ಅದನ್ನು ಅವಳು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೆಣೆದವಳು ತಾನು, ಕಾಪು ಹಾಕದೆ ಕಳಿಸಿದವಳು ತಾನು ಎಂಬುದು ಎದೆಯಲ್ಲಿ ಮುಳ್ಳಿನ ಹಾಗೆ ಇತ್ತು.

ಈ ವರ್ಷ ಮೇ ಕೊನೆಯಲ್ಲಿ ಪುಕ್ಕಟೆ ಕೋಟಿನ ಸರದಿ ಅರಣ್ಯ ಕಾಯುವ ವಾಚರುಗಳಿಗೆ ಬಂತು. ಅಳತೆ ಕೊಡಲು ಬಂದವರಲ್ಲಿ ಕೆಂಚ ಒಬ್ಬ. ಮಸಿನಗುಡಿಯ ಹತ್ತಿರದ ಬೊಕ್ಕಾಪುರಂ ಕಡೆಯವನು, ಕಾಡಿನಲ್ಲೇ ಹುಟ್ಟಿ ಬೆಳೆದವನು. ಜೊತೆಗೆ ಹೆಂಡತಿ ಕೇತಿಯೂ ಬಂದಿದ್ದಳು.

ಕೆಂಚ ಮಾದರಿ ಕೋಟು ತೊಟ್ಟು ಮುಟ್ಟಿ ಮುಟ್ಟಿ ನೋಡಿದ. "ಅಕ್ಕಾ, ಇದಕ್ಕೆ ಏಳು ಜೇಬಾ? ಎನ್ನ ಮನೆಯಲ್ಲಿ ಅಷ್ಟು ಸಾಮಾನೇ ಇಲ್ಲೆ."

"ಒಂದರಲ್ಲಿ ನಿನ್ನ ಬಾಯಿ ಹಾಕಿ ಜಿಪ್ಪು ಎಳೆ," ಎಂದಳು ಕೇತಿ. ಕೊಟ್ಟಿಗೆಯೆಲ್ಲ ನಕ್ಕಿತು.

ಹೊರಡುವಾಗ ಕೇತಿ ಪಂಕಜಂಳನ್ನು ಪಕ್ಕಕ್ಕೆ ಕರೆದಳು. "ಅಕ್ಕಾ, ಎಂಗ ಕೆಳಗಿನ ಬಿಸಿಲ ಕಾಡಿನವರು. ಮೇಲಿನ ಥಂಡಿ ಇವನಿಗೆ ಒಗ್ಗದು. ಈ ಮಳೆಗಾಲ ಮೇಲೆಯೇ ಡ್ಯೂಟಿ ಹಾಕಿದ್ದಾರೆ. ನೋಡಿ ಹೊಲಿ, ಆಯ್ತಾ?"

ಏಳು ಕೋಟು ತಯಾರಾದವು. ಕಂಪನಿಯ ಕಟ್ಟಳೆಯಂತೆ ಒಂದೊಂದನ್ನೂ ನೀರಿನ ಕೋಣೆಯಲ್ಲಿ ತೂಗುಹಾಕಿ ಮೇಲಿಂದ ಅರ್ಧ ಗಂಟೆ ನೀರು ಸುರಿದು, ಒಳಗೆ ಕೈಹಾಕಿ ನೋಡಿದರು. ಒಣಗಿದ್ದವು. ಒರೆಸಿ, ಮಡಿಸಿ, ಪೊಟ್ಟಣ ಕಟ್ಟುವ ಮೇಜಿಗೆ ಬಂದವು. ಆ ದಿನ ಕಟ್ಟುವ ಕೆಲಸ ಪಂಕಜಂಳದು. ಕೆಂಚನ ಕೋಟು ಕೈಗೆ ಬಂದಾಗ ಕೇತಿಯ ಮುಖ ಕಣ್ಣಮುಂದೆ ಬಂತು. ಅವಳು ಸೊಂಟದ ಚೀಲದಿಂದ ಮನೆಯ ಕಪ್ಪು ನೂಲು, ಸೂಜಿ ತೆಗೆದು, ಕಾಲರಿನ ಕೆಳಗೆ ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಒಂದು ಹೊಲಿಗೆ ಹಾಕಿ ಗಂಟಿಕ್ಕಿದಳು. ಒಬ್ಬನಿಗೆ ಹಾಕಿ ಉಳಿದವರಿಗೆ ಬಿಡುವುದು ಹೇಗೆ? ಏಳಕ್ಕೂ ಹಾಕಿದಳು.

ಸೂಜಿ ತೂತಿನ ಮೇಲೆಯೇ ಏಳು ವರ್ಷ ಬದುಕಿದವಳಿಗೆ ಇದು ಹೊಳೆಯಲಿಲ್ಲವೇ ಎಂದರೆ, ಹೊಳೆಯಲಿಲ್ಲ. ಅವಳ ಮನಸ್ಸಿಗೆ ಅದು ಹೊಲಿಗೆಯೇ ಅಲ್ಲ. ಕಾಪು.

ಒಬ್ಬ ವಾಚರಿಗೆ ವರ್ಗವಾದ್ದರಿಂದ ಒಂದು ಕೋಟು ವಾಪಸು ಬಂತು. ಅದನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದರು. ಜುಲೈನಲ್ಲಿ ಮಳೆ ಹಿಡಿಯಿತು. ನಿಲ್ಲುವ ಮಾತೇ ಇಲ್ಲದ ಮಳೆ, ಪಕ್ಕದ ತೋಟದ ಚಹಾ ಗಿಡವೂ ಕಾಣದ ಮಂಜು. ಮೂರನೆಯ ಬೆಳಿಗ್ಗೆ ಪಂಕಜಂ ಬಂದು ನೋಡಿದರೆ ತಗಡಿನ ಸಂದಿಯಿಂದ ನೀರು ಆ ಕೋಟಿನ ಕತ್ತಿನ ಮೇಲೆಯೇ ತೊಟ್ಟಿಕ್ಕುತ್ತಿತ್ತು. ತೆಗೆದು ಕೊಡವಿದಳು. ಹೊರಗಡೆ ನೀರು ಕೆಸುವಿನೆಲೆಯ ಮೇಲಿನ ಹಾಗೆ ಉರುಳಿ ಬಿತ್ತು. ಒಳಗೆ ಕೈ ಹೋಯಿತು.

ಒದ್ದೆ.

ಕಾಲರಿನ ಕೆಳಗಿಂದ ಬೆನ್ನಿನ ತನಕ ಒದ್ದೆ. ನಡುವೆ ಕಪ್ಪು ನೂಲು ನೀರು ಕುಡಿದು ಜಿಗಣೆಯ ಹಾಗೆ ಊದಿಕೊಂಡಿತ್ತು. ದೀಪದ ಬತ್ತಿ ಎಣ್ಣೆ ಎಳೆಯುತ್ತದಲ್ಲ, ಹಾಗೆ ಹೊರಗಿನ ನೀರನ್ನು ಒಳಕ್ಕೆ ಎಳೆದು ಎಳೆದು ಇಳಿಸುತ್ತಿತ್ತು.

ಪಂಕಜಂ ಅಯ್ಯೋ ಎಂದು ಕೋಟನ್ನು ತಿರುವಿ ಬೆಳಕಿಗೆ ಹಿಡಿದಳು. ಪಕ್ಕದ ಮಿಷನ್ನಿನ ಮಲರ್‌ಕೊಡಿ ಓಡಿಬಂದಳು, ನೋಡಿದಳು, ಗೊತ್ತುಮಾಡಿಕೊಂಡಳು.

"ಅಕ್ಕಾ, ಕತ್ತರಿ ತಗೋ. ಕಿತ್ತು ಬಿಸಾಕಿ ಮೇಲೆ ಟೇಪು ಹಾಕು. ಯಾರಿಗೂ ತಿಳಿಯದು."

"ಇದು ಇಲ್ಲಿದೆ. ಉಳಿದ ಆರು ಎಲ್ಲಿದೆ?"

"ಎರಡು ತೂತಿನ ನೀರಿಗೆ ಯಾರಾದರೂ ಸಾಯ್ತಾರಾ? ಬಾಯಿ ಬಿಟ್ಟರೆ ನಿನ್ನ ಕೆಲಸ ಹೋಗ್ತದೆ. ಕಂಪನಿ ಹೆಸರೂ ಹೋಗ್ತದೆ. ಹದಿನೆಂಟು ಮನೆ ಒಲೆ ಅಕ್ಕಾ!"

"ಹಾಲನ್ ಎಷ್ಟು ನೀರಿಗೆ ಸತ್ತ ಅಂತ ನಿನಗೆ ಗೊತ್ತಾ?" ಎಂದು ಪಂಕಜಂ ಕೋಟನ್ನು ಎದೆಗವಚಿಕೊಂಡು ಗಿರಿಧರನ್ ಕೋಣೆಗೆ ಹೋದಳು.

ಅವರು ಒದ್ದೆಯ ಮೇಲೆ ಬೆರಳಿಟ್ಟರು. ದಾರ ನೋಡಿದರು. "ಪರೀಕ್ಷೆ ಆದ ಮೇಲೆ ಸೂಜಿ ಹಾಕಿದ್ರಾ, ಪಂಕಜಕ್ಕಾ?"

"ಹೌದು ಸಾರ್."

"ಎಲ್ಲದಕ್ಕೂ?"

"ಎಲ್ಲದಕ್ಕೂ ಸಾರ್. ಎನ್ನ ಕೈಯಿಂದಲೇ."

ಅವರ ಮುಖ ಬಿಳಿಚಿಕೊಂಡಿತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಪಂಕಜಂಗೆ ಅನಿಸಿತು. ಅವರು ಫೋನು ಎತ್ತಿದರು. ಮೇಲಿನ ಚೆಕ್‌ಪೋಸ್ಟಿನಿಂದ ಉತ್ತರ ಬಂತು: ನಾಲ್ಕು ಜನ ನಿನ್ನೆಯೇ ಇಳಿದು ಬಂದಿದ್ದಾರೆ, ಕತ್ತೆಲ್ಲ ನೆಂದಿದೆ ಎಂದು ಗೊಣಗುತ್ತಿದ್ದಾರೆ. ಕೆಂಚ, ಚಂದ್ರನ್ ಇಬ್ಬರು ಹಳ್ಳದ ಆಚೆಯ ಗುಡಿಸಲಿಗೆ ಹೋದವರು ಮೊನ್ನೆಯಿಂದ ವಯರ್‌ಲೆಸ್ಸಿಗೆ ಸಿಕ್ಕಿಲ್ಲ. ಹುಡುಕಲು ಆಳುಗಳು ಹೊರಟಿದ್ದಾರೆ.

ಜೀಪಿನಲ್ಲಿ ಕಂಬಳಿ, ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿಕೊಂಡು ಹೊರಟರು. ಪಂಕಜಂಳನ್ನು ಯಾರೂ ಕರೆಯಲಿಲ್ಲ, ಅವಳೇ ಹಿಂದೆ ಹತ್ತಿ ಕೂತಳು. ದಾರಿಗೆ ಎರಡು ಕಡೆ ಮರ ಬಿದ್ದಿತ್ತು. ಎರಡನೆಯ ಮರ ಕಡಿಯುವಷ್ಟರಲ್ಲಿ ಒಂದು ಗಂಟೆ ಹೋಯಿತು. ಅವಳು ಕೆಳಗಿಳಿದು ಕಡಿದ ಕೊಂಬೆಗಳನ್ನು ಬರಿಗೈಯಲ್ಲಿ ಎಳೆದು ಹಾಕಿದಳು. ಅಂಗೈ ಹರಿದದ್ದು ಆಮೇಲೆ ಗೊತ್ತಾಯಿತು. ದಾರ ಹಾಕದೆ ಒಬ್ಬನನ್ನು ಕಳೆದುಕೊಂಡೆ, ದಾರ ಹಾಕಿ ಇನ್ನೊಬ್ಬನನ್ನು ಕಳೆದುಕೊಂಡೆ. ಇದೊಂದೇ ಮಾತು ತಲೆಯೊಳಗೆ ತಿರುಗುತ್ತಿತ್ತು.

ಚೆಕ್‌ಪೋಸ್ಟಿನ ಹಿಂದೆ ವಾಚರುಗಳ ಲೈನ್ ಮನೆಯಲ್ಲಿ ಕೇತಿ ಇದ್ದಳು. ಗಂಡನಿಗೆ ಅಡಿಗೆ ಮಾಡಿಹಾಕಲು ಆ ತಿಂಗಳು ಮೇಲೆಯೇ ಉಳಿದಿದ್ದಳು. ಪಂಕಜಂಳನ್ನು ಕಂಡು ಒಲೆಯ ಹತ್ತಿರ ಮಣೆ ಹಾಕಿದಳು, ಹಾಲಿಲ್ಲದ ಚಹಾ ಕೊಟ್ಟಳು. ಮುಖದಲ್ಲಿ ರಕ್ತವಿರಲಿಲ್ಲ, ಆದರೂ ಧೈರ್ಯ ಹೇಳಿದವಳು ಅವಳೇ.

"ಭಯ ಇಲ್ಲೆ ಅಕ್ಕಾ. ದಾರಿ ತಪ್ಪುವವನಲ್ಲ. ಥಂಡಿ ಒಂದೇ ಎನಗೆ ಹೆದರಿಕೆ. ಅದಕ್ಕೆ ನೀ ಹೊಲಿದ ಕೋಟು ಇದೆಯಲ್ಲ."

ಪಂಕಜಂ ಲೋಟವನ್ನು ತುಟಿಯಿಂದ ಇಳಿಸಿದಳು. ಹೇಳದಿದ್ದರೆ ಈ ಮಾತಿನ ಕೆಳಗೆ ಕೂತಿರಬೇಕು. ಅದಕ್ಕಿಂತ ಮಳೆಯಲ್ಲಿ ಹೋಗಿ ಬೀಳುವುದು ವಾಸಿ.

"ಕೇತಿ, ಕೋಟು ಸೋರ್ತದೆ."

"ಏನು?"

"ಕಂಪನಿಯವರು ಹೊಲಿದದ್ದು ಸರಿಯಾಗೇ ಇತ್ತು. ನೀ ಹೇಳಿ ಹೋದೆ ಅಂತ ನಾ ಕುತ್ತಿಗೆ ಹಿಂದೆ ಒಂದು ಕಪ್ಪು ದಾರ ಹಾಕಿದೆ. ಕಾಪು ಅಂತ. ಅದರಲ್ಲಿ ನೀರು ಇಳೀತದೆ. ಎನ್ನ ತಪ್ಪು. ಬೇರೆ ಯಾರದೂ ಅಲ್ಲ."

ಕೇತಿ ಪಂಕಜಂಳ ಕೈಯಿಂದ ಲೋಟ ತೆಗೆದುಕೊಂಡು, ಉಳಿದ ಚಹಾವನ್ನು ಹೊರಗೆ ಚೆಲ್ಲಿ, ಹಾಗೆಯೇ ಮಳೆಯಲ್ಲಿ ಗೇಟಿನ ಕಂಬ ಹಿಡಿದು ನಿಂತಳು. ಗಿರಿಧರನ್ ಕೊಡೆ ಹಿಡಿಯಲು ಹೋದರೆ ತಳ್ಳಿದಳು. ಒಳಗೆ ಬರಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಮಂಜಿನೊಳಗಿಂದ ಆಳುಗಳು ಇಳಿದರು. ಚಂದ್ರನ್ ಕಾಲೆಳೆದುಕೊಂಡು ನಡೆದು ಬರುತ್ತಿದ್ದ. ಕೆಂಚನನ್ನು ಕಂಬಳಿಯಲ್ಲಿ ಹೊತ್ತಿದ್ದರು. ಅವನ ತುಟಿ ನೇರಳೆ ಹಣ್ಣಿನ ಬಣ್ಣ. ಮೈ ನಡುಗುತ್ತಿರಲಿಲ್ಲ. ನಡುಗುತ್ತಿದ್ದರೆ ಪಂಕಜಂಗೆ ಉಸಿರು ಬರುತ್ತಿತ್ತು. ನಡುಕ ನಿಂತ ಮೈ ಎಲ್ಲಿಗೆ ಹೊರಟಿರುತ್ತದೆ ಎಂದು ಗಿರಿಧರನ್ ಕೆಲಸದವರಿಗೆಲ್ಲ ಹೇಳಿಕೊಟ್ಟಿದ್ದರು.

ನೆಂದ ಬಟ್ಟೆ ಬಿಚ್ಚಿದರು. ಒಣ ಕಂಬಳಿ ಸುತ್ತಿದರು. ಕಂಕುಳಿಗೆ ಬಿಸಿನೀರಿನ ಬಾಟಲಿ ಇಟ್ಟರು. ಕೋಟು ಪಂಕಜಂಳ ಕೈಗೆ ಬಂತು. ಕಾಲರಿನ ಕೆಳಗೆ ದಾರ ಇರಲಿಲ್ಲ. ಎರಡು ತೂತು ಮಾತ್ರ.

"ಕತ್ತಿನಲ್ಲಿ ನೀರು ಹರೀತದೆ ಅಂತಿದ್ದ," ಎಂದ ಚಂದ್ರನ್, ಹಲ್ಲು ಕಟಕಟಿಸುತ್ತ. "ಕೈ ಹಾಕಿದ್ರೆ ದಾರ ಸಿಕ್ತು. ಇದೇ ಎಳೀತದೆ ಅಂತ ಕಿತ್ತ. ಎಳೆದ ಜೋರಿಗೆ ತೂತು ದೊಡ್ಡದಾಯ್ತು. ಬೆನ್ನೆಲ್ಲ ನೀರು."

"ನಿನಗೆ?" ಎಂದರು ಗಿರಿಧರನ್.

ಚಂದ್ರನ್ ತಲೆ ತಗ್ಗಿಸಿದ. "ಹೊಸ ಕೋಟು ಕೊಳೆ ಆಗ್ತದೆ ಅಂತ ನಾ ಮೇಲೆ ಗೊಬ್ಬರದ ಚೀಲ ಹೊದ್ದಿದ್ದೆ ಸಾರ್."

ಉದಕಮಂಡಲದ ಆಸ್ಪತ್ರೆಯಲ್ಲಿ ಮೂರು ಹಗಲು ಪಂಕಜಂ ವರಾಂಡದ ಬೆಂಚಿನ ಮೇಲೆ ಕೂತಳು. ಕೇತಿ ಎದುರಿನಿಂದಲೇ ಓಡಾಡುತ್ತಿದ್ದಳು, ಒಂದು ಸಲವೂ ಮುಖ ಕೊಡಲಿಲ್ಲ. ನಾಲ್ಕನೆಯ ದಿನ ಕೆಂಚ ಕಣ್ಣು ಬಿಟ್ಟ. ಗಂಜಿ ಕೇಳಿದ. ಕೇತಿ ಆಗ ಬೆಂಚಿನ ಮುಂದೆ ಬಂದು ನಿಂತಳು.

"ಬದುಕಿದ. ಎದೆ ಹಾಳಾಗಿದೆಯಂತೆ, ಇನ್ನು ಬೆಟ್ಟ ಹತ್ತಬಾರದಂತೆ. ನೀ ಎನಗೋಸ್ಕರವೇ ಹಾಕಿದೆ ಅಂತ ಗೊತ್ತು ಅಕ್ಕಾ. ಆದರೂ ನಿನ್ನ ಮುಖ ನೋಡಕ್ಕೆ ಎನ್ನ ಕೈಲಿ ಆಗಲ್ಲ. ಮನೆಗೆ ಹೋಗು."

ಪಂಕಜಂ ಹೋದಳು. ಗಿರಿಧರನ್ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಕಟ್ಟುವ ಮೇಜಿನ ಹತ್ತಿರ ಸೂಜಿ ಬರಕೂಡದು, ಕಟ್ಟಿದ ಮೇಲೆ ಇನ್ನೊಂದು ಸಲ ನೀರು ಸುರಿಯಬೇಕು ಎಂದು ಹೊಸ ಕಟ್ಟಳೆ ಮಾಡಿದರು. ಆದರೆ ಬಿಸಿಗಾಳಿಯ ಮಿಷನ್ನಿನ ಮುಂದೆ ಕೂತರೆ ಅವಳ ಬೆರಳು ಮರಗಟ್ಟುತ್ತಿದ್ದವು. ಅವಳೇ ಕೇಳಿಕೊಂಡು ಪೊರಕೆ ಹಿಡಿದಳು. ಸಂಜೆ ನೆಲದ ಮೇಲಿನ ದಾರದ ತುಂಡುಗಳನ್ನು ಗುಡಿಸುವಾಗ ಕಪ್ಪು ಕಂಡರೆ ಕಣ್ಣು ತಿರುಗಿಸುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಕೇತಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಜೊತೆಗೆ ಕೆಂಚನ ತಮ್ಮ ರಾಜು, ಮೀಸೆ ಬಲಿತ ಗಂಡಸು. ಕೇತಿ ಸೀದಾ ಒಳಗೆ ಬಂದು, ಕಂಕುಳಲ್ಲಿದ್ದ ಕೋಟನ್ನು ಮೇಜಿನ ಮೇಲೆ ಹಾಕಿದಳು.

"ಅವನ ಕೆಲಸ ಇವನಿಗೆ ಕೊಟ್ಟಿದ್ದಾರೆ. ನಾಳೆ ಮೇಲೆ ಹೋಗ್ತಾನೆ. ಯಾವಾಗ ತಂದರೂ ರಿಪೇರಿ ಅಂದಿದ್ರಲ್ಲ?"

ಗಿರಿಧರನ್, "ಹೊಸ ಕೋಟೇ ಕೊಡ್ತೇವಮ್ಮಾ," ಎಂದರು.

"ಬೇಡ ಸಾರ್. ಹೊಸದರಲ್ಲಿ ಏನಿದೆ ಅಂತ ನಾ ಹೇಗೆ ಕಾಣಲಿ? ಇದರ ತೂತು ಎಲ್ಲಿದೆ ಅಂತ ಗೊತ್ತು." ಮಲರ್‌ಕೊಡಿ ಕೋಟಿಗೆ ಕೈಚಾಚಿದಳು. ಕೇತಿ ಬಿಡಲಿಲ್ಲ. ಪೊರಕೆ ಹಿಡಿದು ಗೋಡೆಗೆ ಅಂಟಿಕೊಂಡು ನಿಂತಿದ್ದವಳ ಕಡೆ ಗಲ್ಲ ಎತ್ತಿದಳು. "ಅವಳೇ ಮುಚ್ಚಲಿ."

ಪಂಕಜಂ ಕೈ ಸೆರಗಿಗೆ ಒರೆಸಿಕೊಂಡು ಮಿಷನ್ನಿನ ಮುಂದೆ ಕೂತಳು. ಕೇತಿ ಹೆಗಲ ಹಿಂದೆಯೇ ನಿಂತಿದ್ದಳು, ಅವಳ ಉಸಿರು ಕಿವಿಗೆ ತಾಗುತ್ತಿತ್ತು. ಬಿಸಿಗಾಳಿ ಬಂತು, ಪಟ್ಟಿ ಮೆತ್ತಗಾಯಿತು. ಮೊದಲ ಸಲ ಸೊಟ್ಟ ಕೂತಿತು, ಕಿತ್ತಳು. ಎರಡನೆಯ ಸಲ ಹದ ಸಿಕ್ಕಿತು.

ನೀರಿನ ಕೋಣೆಯಲ್ಲಿ ಕೋಟನ್ನು ತೂಗುಹಾಕಿದಾಗ ಕೇತಿ ಅರ್ಧ ಗಂಟೆ ಕಾಯಲು ಒಪ್ಪಲಿಲ್ಲ, ಒಂದು ಗಂಟೆ ಸುರಿಸು ಎಂದಳು. ಪಂಕಜಂ ಸುರಿಸಿದಳು. ಅಷ್ಟು ಹೊತ್ತೂ ಕೇತಿ ತನ್ನ ಕೈಯನ್ನು ಕಾಲರಿನ ಒಳಗೆ, ಆ ತೂತಿದ್ದ ಜಾಗಕ್ಕೆ ಒತ್ತಿ ಹಿಡಿದು ನಿಂತಿದ್ದಳು. ನೀರು ನಿಂತಿತು.

ಕೇತಿ ಕೈ ಹೊರಗೆ ತೆಗೆದಳು. ತಾನು ನೋಡಿಕೊಂಡಳು. ಆಮೇಲೆ ಅಂಗೈ ಬಿಚ್ಚಿ ಪಂಕಜಂಳ ಮುಂದೆ ಹಿಡಿದಳು, ನೀನೂ ಮುಟ್ಟಿ ನೋಡು ಎನ್ನುವ ಹಾಗೆ. ಪಂಕಜಂ ಬೆರಳಿಂದ ಮುಟ್ಟಿದಳು. ಒಣಗಿತ್ತು, ಬೆಚ್ಚಗಿತ್ತು.

ಕೇತಿ ಕೈ ಹಿಂದಕ್ಕೆ ಎಳೆದುಕೊಂಡಳು. "ರಾಜು, ತೊಟ್ಟುಕೋ," ಎಂದಳು.