ಹಿತ್ತಲ ಗೋಡೆಯ ಗುಲಾಬಿ

ನವನೀತಾಳಿಗೆ ಮಣ್ಣು, ಗೊಬ್ಬರ, ಹುಳು ಎಂದರೆ ಹೇಸಿಗೆ. ಗದ್ವಾಲಿನಲ್ಲಿ ಹುಟ್ಟಿ ಬೆಳೆದು, ನೇಕಾರರ ಮನೆಗಳ ಸೀರೆಗೆ ಕುಚ್ಚು ಕಟ್ಟುತ್ತಿದ್ದವಳು. ಬೆರಳಿನ ಕಲೆ ರೇಷ್ಮೆಗೆ ತಾಗಿದರೆ ಸೀರೆ ಕೆಟ್ಟಿತು ಎಂಬುದು ಚಿಕ್ಕಂದಿನಲ್ಲೇ ತಲೆಯಲ್ಲಿ ಕೂತಿತ್ತು. ಅಂಥವಳು ಸೊಸೆಯಾಗಿ ಬಂದದ್ದು ಉಟ್ಕೂರಿನ ಕುರುಬರ ಮನೆಗೆ. ಮೊದಲ ವರ್ಷವೆಲ್ಲ ಮೂಗಿಗೆ ಸೆರಗು ಹಿಡಿದೇ ಓಡಾಡಿದಳು.

ಅತ್ತೆ ಕುರುಮಮ್ಮನ ಜೀವವೆಲ್ಲ ಹಿತ್ತಲ ಗೋಡೆಗುಂಟ ಬೆಳೆದ ಗುಲಾಬಿ ಗಿಡಗಳ ಮೇಲೆ. ಭಾನುವಾರ ಬೆಳಿಗ್ಗೆ ಅವುಗಳ ಹೂವು ಮೈಲಾರಲಿಂಗನ ಗುಡಿಗೆ ಹೋಗಲೇಬೇಕು. ಹಾಸಿಗೆ ಹಿಡಿದ ಮೇಲೆ ಮುದುಕಿ ಆ ಗಿಡಗಳನ್ನು ಮಗಳು ಅಖಿಲಾಗೆ ಒಪ್ಪಿಸಲಿಲ್ಲ, ಸೊಸೆಯನ್ನು ಕರೆದಳು.

"ಅಖಿಲಾಗ ಹೂವಿನ ಮ್ಯಾಲೆ ಪ್ರೀತಿ, ಗಿಡದ ಮ್ಯಾಲೆ ಇಲ್ಲ. ನೀನು ಮಾರಿ ಕಿವಿಚಿಕೊಂಡಾದ್ರೂ ನೀರು ಹಾಕ್ತಿ. ನೀನೇ ನೋಡ್ಕೋ."

ಮುದುಕಿ ತೀರಿಕೊಂಡಳು, ಗಿಡಗಳು ಉಳಿದವು. ನವನೀತಾ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಹಿತ್ತಲಿಗಿಳಿದಳು. ಕುರಿ ಹಿಕ್ಕೆ ಕೊಳೆತು ಗೊಬ್ಬರವಾಗಬೇಕೆಂಬುದು ಗೊತ್ತಿರಲಿಲ್ಲ. ಹಸಿ ಹಿಕ್ಕೆಯನ್ನೇ ಬುಡಕ್ಕೆ ಸುರಿದಳು. ಹಿತ್ತಲ ತುಂಬ ನೊಣ. ಮಣ್ಣು ಕೆದಕಿದರೆ ದಪ್ಪ ಬಿಳಿ ಗೊಣ್ಣೆಹುಳು ಸುರುಟಿಕೊಂಡು ಬಿದ್ದಿತು. ಅಲ್ಲೇ ವಾಂತಿ ಮಾಡಿಕೊಂಡಳು. ಎಳೆ ಚಿಗುರಿಗೆ ಮುತ್ತಿದ ಹಸಿರು ಹೇನುಗಳನ್ನು ಒರೆಸಿದರೆ ಬೆರಳಿಗೆಲ್ಲ ಅಂಟು. ಆ ದಿನ ರೊಟ್ಟಿ ತಟ್ಟಲು ಕೈ ಬರಲಿಲ್ಲ. ಆದರೂ ಮರುದಿನ ಹೋದಳು. ಸತ್ತವಳ ಮಾತು, ತಪ್ಪಿಸುವಂತಿರಲಿಲ್ಲ.

ಉಳಿದ ಗಿಡಗಳು ಹೇಗೋ ಸುಧಾರಿಸಿದವು. ಗೋಡೆಯ ಕೊನೆಯ ಎರಡು ಮಾತ್ರ ಎಲೆಯ ಅಂಚು ಸುಟ್ಟುಕೊಂಡು ಒಣಗತೊಡಗಿದವು. ನಾರಾಯಣಪೇಟೆಯಿಂದ ಔಷಧಿ ತಂದು ಸಿಂಪಡಿಸಿದರೂ ನಾಟಲಿಲ್ಲ. ಒಂದು ದಿನ ಬುಡದ ಮಣ್ಣು ಹಿಡಿದು ಮೂಗಿನ ಹತ್ತಿರ ತಂದಳು. ಘಾಟಿಗೆ ಕಣ್ಣಲ್ಲಿ ನೀರು ಬಂತು. ಅದು ಕುರಿಯದಲ್ಲ, ಮನುಷ್ಯರ ಉಚ್ಚೆಯ ನಾತ.

ಮರುದಿನ ಬೆಳಗು ಹರಿಯುವಾಗ ಗೋಡೆಯ ಆಚೆ ಬದಿಗೆ ಸುತ್ತಿ ಹೋದಳು. ಪಕ್ಕದ ಮನೆಯ ಚಂದ್ರಯ್ಯ ಪಂಚೆ ಎತ್ತಿ ಗೋಡೆಗೆ ನಿಂತಿದ್ದ, ಉಚ್ಚೆ ಬುಡದ ಕಲ್ಲುಸಂದಿಯಲ್ಲಿ ಹಿತ್ತಲ ಕಡೆಗೆ ಇಂಗುತ್ತಿತ್ತು. ಊರಿಗೆ ಹಿರಿಯ, ಗುಡಿಯ ಉಸ್ತುವಾರಿಯೂ ಅವನದೇ. ವಾರವಾರ ಬುಟ್ಟಿ ಹಿಡಿದು ಹೂವಿಗೆ ಬರುವವನೂ ಅವನೇ. ಹಣೆಯ ಮೇಲೆ ನಿನ್ನೆಯ ಭಂಡಾರ ಇನ್ನೂ ಹಳದಿಯಾಗಿತ್ತು.

ಅವನು ಪಂಚೆ ಸರಿಮಾಡಿಕೊಳ್ಳುವ ತನಕ ತಡೆದು ಕೇಳಿದಳು, "ನಿಮ್ಮ ಮನ್ಯಾಗ ಕಕ್ಕಸ್ ಐತಲ್ರೀ ಮಾವಾ?"

"ಅದು ಹೆಣ್ಮಕ್ಕಳಿಗೆ ಕಟ್ಸಿದ್ದು. ನಮ್ಮಪ್ಪನ ಕಾಲದಾಗಿಂದ ಗಂಡಸ್ರು ಇಲ್ಲೇ."

"ಗ್ವಾಡಿ ಆಚೀಗೆ ದೇವ್ರ ಹೂವಿನ ಗಿಡ ಅದಾವ್ರೀ."

"ಹೂ ಕೀಳಾಕ ಕೈ ತೊಳ್ಕೊಂಡೇ ಬರ್ತೀನವ್ವಾ," ಎಂದು ಚಂದ್ರಯ್ಯ ನಕ್ಕ.

ಗೊಣ್ಣೆಹುಳು ಕಂಡಾಗಲೂ ಅವಳಿಗೆ ಅಷ್ಟು ಹೇಸಿಗೆಯಾಗಿರಲಿಲ್ಲ. ಮನೆಗೆ ಬಂದು ಗಂಡ ಭೀಮಶಂಕರನಿಗೆ ಹೇಳಿದಳು. ಮಕ್ತಲಿಗೆ ಆಟೋ ಹೊಡೆಯುವ ಅವನು ಚಹಾ ಕುಡಿಯುತ್ತ, "ದೊಡ್ಡವ್ರು ಅದಾರ, ಬಾಯಿ ಮಾಡಬ್ಯಾಡ" ಎಂದ.

"ಅವ್ರು ಮಾಡಿದ್ದಕ್ಕಿಂತ ನೀನು ಸುಮ್ಮನಿರೋದೇ ಹೇಸಿಗಿ ಅನಸ್ತದ," ಎಂದು ಅವನ ಮುಂದಿನ ಕಪ್ಪನ್ನು ಎತ್ತಿಕೊಂಡು ಹೋದಳು.

ಭಾನುವಾರ ಚಂದ್ರಯ್ಯ ಬುಟ್ಟಿ ಹಿಡಿದು ಬಂದ. ನವನೀತಾ ಬಾಗಿಲಿಗೆ ಅಡ್ಡ ನಿಂತು ಓಣಿಗೆಲ್ಲ ಕೇಳುವಂತೆ ಅಂದಳು, "ಉಚ್ಚಿ ಹೊಯ್ದ ಗಿಡದ ಹೂ ದೇವ್ರಿಗೆ ಏರಸ್ತೀರೇನ್ರೀ? ನಾ ಕೊಡಂಗಿಲ್ಲ." ನೀರಿಗೆ ಹೊರಟಿದ್ದ ಹೆಂಗಸರು ಕೊಡ ಇಳಿಸಿ ನಿಂತರು. ಚಂದ್ರಯ್ಯ ಖಾಲಿ ಬುಟ್ಟಿ ತಿರುಗಿಸಿಕೊಂಡು ಹೋದ.

ಸಂಜೆಯೊಳಗೆ ಊರಲ್ಲಿ ಮಾತೇ ಬೇರೆಯಾಗಿತ್ತು: ಗದ್ವಾಲಿನವಳು ದೇವರ ಹೂ ತಡೆದಳಂತೆ. ಅದು ಕಿವಿಗೆ ಬಿದ್ದು ಅಖಿಲಾ ಗಂಡನ ಮನೆ ಮಕ್ತಲಿನಿಂದ ಬಸ್ ಹತ್ತಿ ಬಂದಳು.

"ನಮ್ಮವ್ವ ಒಂದಿನಾನೂ ಇಲ್ಲ ಅಂದಿಲ್ಲ ವೈನಿ. ನಿಂದೇನು ಇದು?"

ನವನೀತಾ ವಾದಕ್ಕಿಳಿಯಲಿಲ್ಲ. ನಾದಿನಿಯ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದು, ಮಣ್ಣಿನ ಹೆಂಟೆಯೊಂದನ್ನು ಮೂಗಿಗೆ ಹಿಡಿದಳು. ಅಖಿಲಾ ಪಕ್ಕಕ್ಕೆ ತಿರುಗಿ ಉಗುಳಿದಳು.

"ಛೀ! ಅವ್ವಗ ಗೊತ್ತಿತ್ತೇನು?"

"ದಿನಾ ಬುಡದಾಗ ಕುಂದ್ರತಿದ್ದಾಕಿ. ಗೊತ್ತಿಲ್ದೆ ಇರ್ತದೇನು? ಈ ಎರಡಕ್ಕ ಮಾತ್ರ ಯಾಕ ಕೊಡಗಟ್ಲೆ ನೀರು ಸುರೀತಿದ್ಳು ಅಂತ ನನಗ ಈಗ ತಿಳೀತು."

ಅಖಿಲಾ ಒಣಗಿದ ಎರಡೂ ಗಿಡಗಳ ಕೊಂಬೆ ಮುಟ್ಟಿ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ, "ಸಲಿಕಿ ಎಲ್ಲೈತಿ?" ಎಂದಳು.

ಚಳಿ ಬೀಳುವ ದಿನಗಳು. ಇಬ್ಬರೂ ಸೇರಿ ಆ ಎರಡು ಗಿಡಗಳ ಕೊಂಬೆ ಕತ್ತರಿಸಿ, ಬೇರಿನ ಸುತ್ತ ಅಗೆದು ಎತ್ತಿದರು. ನಾರುವ ಮಣ್ಣನ್ನು ಉದುರಿಸಬೇಕಿತ್ತು. ಪ್ಲಾಸ್ಟಿಕ್ ಚೀಲ ಮುಳ್ಳಿಗೆ ಹರಿದುಹೋಯಿತು. ನವನೀತಾ ಉಸಿರು ಬಿಗಿಹಿಡಿದು ಬರಿಗೈಯಲ್ಲೇ ಉದುರಿಸಿದಳು. ಅಂಗಳದಲ್ಲಿ ಗುಂಡಿ ತೋಡಿ, ಕಳಿತ ಗೊಬ್ಬರ ಹಾಕಿ ನೆಟ್ಟರು. ಒಂದು ಸತ್ತಿತು. ಇನ್ನೊಂದು ಸಂಕ್ರಾಂತಿ ಹೊತ್ತಿಗೆ ಕೆಂಪು ಚಿಗುರು ಬಿಟ್ಟಿತು.

ಚಂದ್ರಯ್ಯ ತಪ್ಪಾಯಿತು ಎನ್ನಲಿಲ್ಲ, ಈಗ ಶಾಲೆಯ ಗೋಡೆಗೆ ಹೋಗುತ್ತಾನೆ. ಅವನು ದಾರಿಯಲ್ಲಿ ಎದುರಾದರೆ ನವನೀತಾ ಈಗಲೂ ಮೂಗಿಗೆ ಸೆರಗು ಹಿಡಿಯುತ್ತಾಳೆ. ಭಾನುವಾರದ ಹೂವನ್ನು ಅವಳೇ ಗುಡಿಗೆ ಒಯ್ಯುತ್ತಾಳೆ, ಅವನಿದ್ದರೆ ಅವನು ಹೊರಡುವ ತನಕ ಹೊರಗೇ ನಿಲ್ಲುತ್ತಾಳೆ.