ಒಂದು ಸಾಲು ಕೆಳಗೆ

ಬೆಳಗಿನ ಐದೂವರೆ. ನಾಗಪುರದ ಹೊರವಲಯದ ಔಷಧಿ ಶೀತಲಗೃಹವೊಂದರಲ್ಲಿ ಸ್ವೆಟರ್ ತೊಟ್ಟ ಉತ್ತಪ್ಪ ಹಳೆಯ ಕಂಪ್ಯೂಟರಿನ ಮುಂದೆ ಕುಳಿತು ಬಾಣದ ಗುಂಡಿಯನ್ನು ಮೇಲೆ ಕೆಳಗೆ ಒತ್ತುತ್ತಿದ್ದಾರೆ. ಕಪ್ಪು ಪರದೆಯ ಮೇಲೆ ಬರೀ ಬಿಳಿ ಅಕ್ಷರ; ಮೌಸ್ ಕೂಡ ಇಲ್ಲ. ಹದಿನಾಲ್ಕು ಕೋಣೆಗಳಲ್ಲಿ ಎಷ್ಟೆಷ್ಟು ತಂಪಿರಬೇಕು ಎಂದು ಹೇಳುವ ಫೈಲು ತೆರೆದಿದೆ, ಕೋಣೆಗೊಂದು ಸಾಲು. ಪಕ್ಕದಲ್ಲಿ ಚಹಾ ಆರಿ ಕೆನೆಗಟ್ಟಿದೆ.

ಅವರ ಚಿಂತೆಯೆಲ್ಲ ನೇಹಾಳದು. ಬೆಳಗಿನ ಪಾಳಿಯ ಈ ಹುಡುಗಿ ಕಳೆದ ವಾರ ನಾಲ್ಕನೇ ಕೋಣೆಯ ಅಂಕಿ ತಿದ್ದಿದಳು, ಬದಲಾದದ್ದು ಐದನೆಯದು. ಎಚ್ಚರಿಕೆಯ ಗಂಟೆ ಹೊಡೆದುಕೊಂಡಿದ್ದರಿಂದ ಲಸಿಕೆ ಉಳಿಯಿತು, ಅವಳ ಕೆಲಸ ಉಳಿಯುವುದು ಅನುಮಾನ. ಪರದೆಯ ಮೇಲೆ ನಾಲ್ಕೇ ಕಂಡಿತ್ತು ಎಂದು ಅವಳು ಅತ್ತು ಹೇಳಿದರೂ ಯಾರೂ ನಂಬಲಿಲ್ಲ. ಇವತ್ತು ಹತ್ತಕ್ಕೆ ಮ್ಯಾನೇಜರ್ ಜಯಂತ ತೀರ್ಮಾನ ಹೇಳುತ್ತಾರೆ.

ಕೊಡಗಿನವರಾದ ಉತ್ತಪ್ಪ ವಾಯುಪಡೆಯಲ್ಲಿ ಇಪ್ಪತ್ತು ವರ್ಷ ರೇಡಿಯೊ ರಿಪೇರಿ ಮಾಡಿದವರು. ನಿವೃತ್ತಿಯ ಮೇಲೆ ಹೆಂಡತಿ ಬೇಬಿಯೊಂದಿಗೆ ನಾಗಪುರದ ಪಕ್ಕದ ಕಾಮಠಿಯಲ್ಲೇ ನೆಲೆನಿಂತರು. ಇಲ್ಲಿಗೆ ಬಂದು ಹನ್ನೊಂದು ವರ್ಷ. ಇಂದಿಗೂ ವರ್ಷ ವರ್ಷ ನವೀಕರಿಸುವ ಗುತ್ತಿಗೆ. ದಿನಕ್ಕೆರಡು ಸಲ ಹದಿನಾಲ್ಕೂ ಕೋಣೆ ಸುತ್ತುತ್ತಾರೆ, ಚಳಿಗೆ ಮಂಡಿ ಹಿಡಿದುಕೊಂಡರೂ ಬಿಡುವುದಿಲ್ಲ. "ಪರದೆ ಬರೋಬರ್ ಹೇಳುತ್ತೆ ಅಂತ ನಂಬಿ ಕೂರಬಾರದು. ಹೋಗಿ ಕಣ್ಣಾರೆ ನೋಡಬೇಕು" ಎನ್ನುತ್ತಾರೆ.

ಮೂರು ಮುಂಜಾವುಗಳಿಂದ ಅವರು ನೋಡುತ್ತಿರುವುದೂ ಈ ಪರದೆಯನ್ನೇ. ಪುಟವನ್ನು ಕೆಳಕ್ಕೆ ಸರಿಸಿ ಫೈಲಿನ ಮೊದಲ ಸಾಲು, ಅಂದರೆ ತಲೆಸಾಲು, ಮರೆಯಾದರೆ ಎಲ್ಲ ಸರಿ. ತಲೆಸಾಲು ಮತ್ತೆ ಕಣ್ಣಿಗೆ ಬಿದ್ದೊಡನೆ ಎಡವಟ್ಟು: ಕರ್ಸರ್ ನಾಲ್ಕರ ಮೇಲೆ ನಿಂತಂತೆ ಕಾಣುತ್ತದೆ, ನಿಂತಿರುವುದು ಐದರ ಮೇಲೆ. ಹಾಗಾದರೆ ತಂಟೆಯೆಲ್ಲ ತಲೆಸಾಲಿನದು. ಅದನ್ನು ಬರೆದವರು ತಾವೇ ಎಂದು ಉತ್ತಪ್ಪನವರಿಗೆ ಆಗ ನೆನಪಾಗುತ್ತದೆ.

"ಊರಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ. ಇಲ್ಲಿ ನನ್ನ ಹತ್ತಿರ ಕೋವಿ ಎಲ್ಲಿದೆ? ಈ ಸಲ ಈ ಕಂಪ್ಯೂಟರಿಗೇ ಹೂವಿಟ್ಟೆ, ಫೈಲಿನ ತಲೆಗೆ ಕನ್ನಡದಲ್ಲಿ ಶ್ರೀ ಬರೆದೆ." ಅಷ್ಟಕ್ಕೇ ಬಿಡದೆ, ಚೆಂದಕ್ಕೆಂದು ಅದರ ಎರಡೂ ಬದಿಗೆ ಪರದೆಯ ಅಂಚಿನವರೆಗೆ ಪುಟ್ಟ ಗೆರೆಗಳನ್ನು ಎಳೆದಿದ್ದರು. ಶ್ರೀಗೆ ಒಂದೇ ಅಕ್ಷರದ ಜಾಗ ಸಾಕೆಂದು ತಂತ್ರಾಂಶದ ಲೆಕ್ಕ, ಎರಡು ಬೇಕೆಂದು ಪರದೆಯ ಲೆಕ್ಕ. ಜಾಗ ಸಾಲದೆ ಕೊನೆಯ ಗೆರೆ ಕೆಳಗಿನ ಸಾಲಿಗೆ ಜಾರಿತು, ಅದರ ಜೊತೆ ಇಡೀ ಪುಟವೂ ಒಂದು ಸಾಲು ಕೆಳಗೆ ಕಾಣತೊಡಗಿತು. ಹಬ್ಬದ ನಂತರ ಮೊದಲು ತಿದ್ದಿದವಳೇ ನೇಹಾ.

ಎರಡು ಗೆರೆ ಅಳಿಸಿ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಉತ್ತಪ್ಪ ಒಂದನ್ನೂ ಅಳಿಸುವುದಿಲ್ಲ. ಹತ್ತು ಗಂಟೆಗೆ ಜಯಂತರನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿ, ನಾಲ್ಕನೇ ಕೋಣೆಯ ಅಂಕಿ ನೀವೇ ತಿದ್ದಿ ಎನ್ನುತ್ತಾರೆ. ಉಳಿಸುವ ಮೊದಲು ಅವರ ಕೈ ಹಿಡಿದು ಪುಟ ಸರಿಸಿ ತೋರಿಸುತ್ತಾರೆ: ಬದಲಾಗಿರುವುದು ಐದು. ಆಮೇಲೆ ತಲೆಸಾಲು ತಮ್ಮದೆಂದೂ ಹೇಳುತ್ತಾರೆ. ಜಯಂತ ನೇಹಾಳಿಗೆ ಕೊಟ್ಟಿದ್ದ ನೋಟಿಸು ಹಿಂದಕ್ಕೆ ಪಡೆಯುತ್ತಾರೆ. ಉತ್ತಪ್ಪನವರ ಗುತ್ತಿಗೆಯ ಮಾತು ಮಾರ್ಚಿಗೆ ನೋಡೋಣ ಎನ್ನುತ್ತಾರೆ.

ಶ್ರೀ ಇರಲಿ ಕಾಕಾ ಎಂದವಳು ನೇಹಾಳೇ. ಎರಡು ಗೆರೆ ಕಡಿಮೆಯಾಗಿ ಅದು ಈಗಲೂ ಅಲ್ಲೇ ಇದೆ. ನಮ್ಮ ಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಏನು ಬರಬೇಕು ಎಂದು ನಾವು ಕೇಳಿದರೆ ಉತ್ತಪ್ಪ ಆರಿದ ಚಹಾ ಕುಡಿದು ಲೋಟ ಕೆಳಗಿಡುತ್ತಾರೆ.

"ನನ್ನ ಹೆಸರು ಬಿಟ್ಟರೂ ಪರವಾಗಿಲ್ಲ. ಆ ಹುಡುಗಿ ಸರಿಯಾಗೇ ನೋಡಿದ್ದಳು ಅಂತ ಮಾತ್ರ ಬರೀರಿ."