ಎರಡನೇ ಲಿಂಕ್ ಇಲ್ಲದ ಮಧ್ಯಾಹ್ನ

ಕೆಲವು ವರ್ಷಗಳ ಹಿಂದೆ, ಸರ್ಕಾರಿ ದೂರಸಂಪರ್ಕ ಸೇವೆಯಿಂದ ನಿವೃತ್ತಳಾದ ಮರುವರ್ಷವೇ, ನಾನು ಒಂದು ಖಾಸಗಿ ಡ್ರೋನ್ ಸಂಸ್ಥೆಯಲ್ಲಿ ಡ್ರೋನ್ ಜೊತೆಗಿನ ಸಂಪರ್ಕ ಕಡಿಯದಂತೆ ನೋಡಿಕೊಳ್ಳುವ ಲಿಂಕ್ ಸೇಫ್ಟಿ ಅಧಿಕಾರಿಯಾಗಿ ಸೇರಿದೆ. ಜಯನಗರದ ಒಂದು ರಕ್ತನಿಧಿಯಿಂದ ಚಿಕ್ಕಲಸಂದ್ರದ ಸಣ್ಣ ನರ್ಸಿಂಗ್ ಹೋಂ ಒಂದಕ್ಕೆ ಡ್ರೋನ್‌ನಲ್ಲಿ ರಕ್ತ ಕಳಿಸುವ ಪ್ರಾಯೋಗಿಕ ಯೋಜನೆ ಅದು. “ರಿಟೈರ್ ಆದ್ಮೇಲೆ ಗಾಳಿಪಟ ಹಾರ್ಸೋಕೆ ಹೊರಟ್ಯಾ?” ಎಂದು ಅಕ್ಕ ಆಡಿಕೊಂಡಳು. ಹಾರಿಸುವುದು ನನ್ನ ಕೆಲಸವಾಗಿರಲಿಲ್ಲ. ಹಾರಿಸಬೇಡಿ ಎನ್ನುವುದು ನನ್ನ ಕೆಲಸ.

ಡ್ರೋನ್ ಆಕಾಶದಲ್ಲಿರುವಷ್ಟು ಹೊತ್ತೂ ತಾನೆಲ್ಲಿದ್ದೇನೆ, ಎತ್ತ ಹೋಗುತ್ತಿದ್ದೇನೆ ಎಂದು ಹೇಳುತ್ತಲೇ ಇರಬೇಕು. ಆ ಸುದ್ದಿ ನಮ್ಮ ಪರದೆಗೂ ಬರಬೇಕು, ಅದೇ ದಾರಿಯಲ್ಲಿ ಹಾರುವ ಬೇರೆಯವರ ಡ್ರೋನ್‌ಗಳಿಗೂ ತಲುಪಬೇಕು. ಇದಕ್ಕೆ ಮೊಬೈಲ್ ನೆಟ್‌ವರ್ಕ್ ಒಂದೇ ಸಾಲದು. ಮೊಬೈಲ್ ಟವರ್‌ಗಳು ಇರುವುದು ನೆಲದ ಮೇಲಿನ ಜನರಿಗಾಗಿ. ಎತ್ತರಕ್ಕೆ ಹೋದ ಡ್ರೋನ್‌ಗೆ ಒಮ್ಮೆಗೇ ಹತ್ತಾರು ಟವರ್ ಸಿಕ್ಕಿ, ಯಾವುದನ್ನು ಹಿಡಿಯಲಿ ಎಂದು ಅದು ತಡವರಿಸುತ್ತದೆ. ಹಾಗಾಗಿ ಎರಡನೇ ಲಿಂಕ್ ಎಂದು ನಮ್ಮದೇ ರೇಡಿಯೊ ಇತ್ತು. ಅದರ ಆಂಟೆನಾ ಯಡಿಯೂರಿನಲ್ಲಿ, ಕಮಲಮ್ಮ ಎಂಬುವರ ಮನೆಯ ತಾರಸಿಯಲ್ಲಿ, ನಾವು ಬಾಡಿಗೆಗೆ ಪಡೆದ ಮೂಲೆಯಲ್ಲಿ ನಿಂತಿತ್ತು. ಎರಡರಲ್ಲಿ ಒಂದು ಕೈಕೊಟ್ಟರೂ ಟೇಕಾಫ್ ಇಲ್ಲ. ಆ ನಿಯಮ ಬರೆದವಳು ನಾನೇ.

ಶಿವರಾತ್ರಿ ಕಳೆದು ಬಿಸಿಲು ಏರಿದ್ದ ಒಂದು ಮಧ್ಯಾಹ್ನ ನರ್ಸಿಂಗ್ ಹೋಂ ವೈದ್ಯೆ ಫೋನ್ ಮಾಡಿದರು. “ಮೇಡಂ, ಡೆಲಿವರಿ ಆಯ್ತು, ಮಗು ಚೆನ್ನಾಗಿದೆ. ತಾಯಿಗೆ ಬ್ಲೀಡಿಂಗ್ ನಿಲ್ತಾ ಇಲ್ಲ. ನಮ್ಮತ್ರ ಇದ್ದ ಓ ನೆಗೆಟಿವ್ ಮುಗೀತು. ಬೇಗ ಕಳ್ಸಿ.” ಆಕೆಯನ್ನು ಬೇರೆ ಆಸ್ಪತ್ರೆಗೆ ಸಾಗಿಸುವ ಸ್ಥಿತಿ ಇರಲಿಲ್ಲ. ರಕ್ತನಿಧಿಯಲ್ಲಿದ್ದ ಎರಡು ಪ್ಯಾಕೆಟ್‌ಗಳನ್ನು ಡ್ರೋನ್ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ್ದೂ ಆಯಿತು. ಆಗ ಪರದೆಯ ಮೇಲೆ ರೇಡಿಯೊ ಲಿಂಕ್ ಕೆಂಪಾಯಿತು.

ಪೈಲಟ್ ನವೀನ್ ನನ್ನ ಮುಖ ನೋಡಿದ. “ಮೇಡಂ, ಮೊಬೈಲ್ ಲಿಂಕ್ ಸಖತ್ತಾಗಿದೆ. ಒಂದ್ಸಲ ಬಿಡೋಣ.”

ಡ್ರೋನ್ ಹೋಗುವ ದಾರಿಯ ಕೆಳಗೆ ಒಂದು ಶಾಲೆಯಿತ್ತು, ಮಕ್ಕಳು ಹೊರಬರುವ ಹೊತ್ತು. “ಬೇಡ. ಬೈಕಲ್ಲಿ ಕಳ್ಸು,” ಎಂದೆ. ನವೀನ್ ಪೆಟ್ಟಿಗೆ ತೆರೆದು ಪ್ಯಾಕೆಟ್‌ಗಳನ್ನು ಬೈಕಿನ ಹುಡುಗನಿಗೆ ಕೊಟ್ಟ. ನಾನು ಸ್ಕೂಟರ್ ಹತ್ತಿ ಯಡಿಯೂರಿಗೆ ಓಡಿದೆ.

ತಾರಸಿಯ ತುಂಬ ಸಂಡಿಗೆ ಹರವಿತ್ತು. ಕಾಗೆ ಬರದಿರಲೆಂದು ಕಮಲಮ್ಮ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಉದ್ದುದ್ದ ಸೀಳಿ, ನಮ್ಮ ಆಂಟೆನಾಕ್ಕೆ ಬಿಗಿಯಾಗಿ ಸುತ್ತಿ, ತುದಿಗಳನ್ನು ಗಾಳಿಗೆ ಬಿಟ್ಟಿದ್ದರು. ಲೋಹ ಸುತ್ತಿದ ಆಂಟೆನಾ ಇದ್ದೂ ಇಲ್ಲದ ಹಾಗೆ. “ಕಡ್ಡಿ ಸುಮ್ನೆ ನಿಂತಿತ್ತಲ್ಲಮ್ಮ, ಅದಕ್ಕೇ ಕಟ್ದೆ,” ಎಂದರು. ಎಲ್ಲವನ್ನೂ ಕಿತ್ತುಹಾಕಿ ನವೀನ್‌ಗೆ ಫೋನ್ ಮಾಡಿದೆ.

“ಲಿಂಕ್ ಬಂತು ಮೇಡಂ.”

“ಪ್ಯಾಕೆಟ್?”

“ಎರಡೂ ಬೈಕಲ್ಲಿದೆ. ಬನಶಂಕರಿ ಹತ್ರ ಟ್ರಾಫಿಕ್‌ನಲ್ಲಿ ಸಿಕ್ಕಾಕೊಂಡಿದಾನಂತೆ.”

ಮುಖ ಬಾಡಿದೆ ಎಂದು ಕಮಲಮ್ಮ ಮಜ್ಜಿಗೆ ತಂದುಕೊಟ್ಟರು. ಕುಡಿದೆ. ಉಪ್ಪಿತ್ತೋ ಇಲ್ಲವೋ ಗೊತ್ತಾಗಲಿಲ್ಲ. ಲೋಟ ಕೈಯಲ್ಲಿರುವಾಗಲೇ ವೈದ್ಯೆಯ ಫೋನ್ ಬಂತು. ರಕ್ತ ಇನ್ನೂ ಬಂದಿಲ್ಲ, ಇನ್ನು ಬೇಕಾಗಿಲ್ಲ ಎಂದರು. ಕಮಲಮ್ಮನಿಗೆ ನಾನು ಹೇಳಿದ್ದು, ಕಂಬಕ್ಕೆ ಇನ್ನೇನೂ ಕಟ್ಟಬೇಡಿ ಎಂದಷ್ಟೇ. ಬೇರೇನನ್ನೂ ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಸಂಸ್ಥೆ ವಿಚಾರಣೆ ನಡೆಸಿ, ನನ್ನ ನಿರ್ಧಾರ ಸರಿ ಎಂದಿತು. ಮೀಟಿಂಗ್‌ನಲ್ಲಿ ಚಪ್ಪಾಳೆ ಕೂಡ ತಟ್ಟಿದರು. ನನಗೆ ಸಮಾಧಾನವೂ ಆಗಲಿಲ್ಲ, ಅಳುವೂ ಬರಲಿಲ್ಲ. ಮನೆಗೆ ಹೋಗಿ ಕುಕ್ಕರ್ ಇಟ್ಟೆ, ಸೀರಿಯಲ್ ನೋಡಿದೆ, ಮಲಗಿದೆ. ತಿಂಗಳುಗಟ್ಟಲೆ ಹಾಗೇ ನಡೆಯಿತು. ಏನೂ ಅನಿಸದಿರುವುದೇ ನನಗೆ ಹೆದರಿಕೆ ಹುಟ್ಟಿಸುತ್ತಿತ್ತು.

ಒಂದು ದಿನ, ತೀರಿಕೊಂಡ ಆ ತಾಯಿಯ ಗಂಡ ಮಂಜುನಾಥ ಆಫೀಸಿಗೆ ಬಂದರು. ಜೆ.ಪಿ. ನಗರದ ಮೊಬೈಲ್ ಅಂಗಡಿಯಲ್ಲಿ ಸೇಲ್ಸ್‌ಮನ್. ಜಗಳಕ್ಕೆ ಬಂದವರ ಹಾಗಿರಲಿಲ್ಲ. ಕುರ್ಚಿ ಕೊಟ್ಟೆ.

“ಡ್ರೋನ್ ಬಿಟ್ಟಿದ್ರೆ ಟೈಮಿಗೆ ಬರ್ತಿತ್ತಾ ಮೇಡಂ?”

ಖಚಿತವಾಗಿ ಹೇಳಲಾಗದು ಎನ್ನಬಹುದಿತ್ತು. ಸಂಸ್ಥೆಯ ವಕೀಲರೂ ಹಾಗೇ ಹೇಳಿ ಎಂದಿದ್ದರು. “ಬರೋ ಸಾಧ್ಯತೆನೇ ಜಾಸ್ತಿ ಇತ್ತು,” ಎಂದೆ.

“ಮತ್ಯಾಕೆ ಬಿಡ್ಲಿಲ್ಲ?”

“ಕೆಳಗೆ ಸ್ಕೂಲ್ ಬಿಡೋ ಟೈಮು. ಇದ್ದ ಒಂದು ಲಿಂಕೂ ಹೋಗಿ, ಬೇರೆ ಡ್ರೋನ್‌ಗೆ ಡಿಕ್ಕಿ ಹೊಡ್ದು ಮಕ್ಕಳ ಮೇಲೆ ಬಿದ್ದಿದ್ರೆ?”

“ಯಾವತ್ತಾದ್ರೂ ಬಿದ್ದಿದ್ಯಾ?”

“ಇಲ್ಲ.”

ಅವರು ತಲೆಯಾಡಿಸಿದರು. “ನಾಳೆ ಇನ್ಯಾರಿಗಾದ್ರೂ ಹಿಂಗೇ ಆದ್ರೆ?”

“ಬಿಡಲ್ಲ. ಆದ್ರೆ ಇನ್ನೊಂದು ಕಡೆ ಮೂರನೇ ಲಿಂಕ್ ಹಾಕಿದೀವಿ ಈಗ.”

“ಈಗ,” ಎಂದರು ಮಂಜುನಾಥ. ಎದ್ದು, ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಸರಿಸಿ ಹೊರಟರು. ಅವತ್ತು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನಾನು ತೆಗೆದುಕೊಂಡ ನಿರ್ಧಾರ ಸರಿ ಎಂದು ಈಗಲೂ ನಂಬಿದ್ದೇನೆ. ಆದರೆ ನಿಯಮದಿಂದ ಉಳಿದ ಮಕ್ಕಳು ಯಾರೆಂದು ನನಗೆ ಗೊತ್ತಿಲ್ಲ, ಉಳಿದೆವೆಂದು ಅವರಿಗೂ ಗೊತ್ತಿಲ್ಲ. ಬಾಗಿಲಿಗೆ ಬರುವುದು ಉಳಿಯದವರ ಮನೆಯವರು ಮಾತ್ರ. ಅವರನ್ನು ಕೂರಿಸಿ, ಕೇಳಿದ್ದಕ್ಕೆ ನಿಜ ಹೇಳುವುದೂ ನನ್ನ ಹುದ್ದೆಯ ಕೆಲಸವೇ ಎಂದು ಕಲಿತದ್ದು ಅವತ್ತು.